ಹೆಸರಿಗೆ ಹತ್ತಿದ ಬಿರುದು: ಪದವಿಪ್ರದರ್ಶನದ ಔಚಿತ್ಯವಿಚಾರ

1

ಮನುಷ್ಯನ ಹೆಸರಿನ ಹಿಂದೆ ಮುಂದೆ ಸೇರುವ ನಾಲ್ಕಾರು ಅಕ್ಷರಗಳನ್ನು ಸಾಹಿತ್ಯವಿಮರ್ಶೆಯ ವಸ್ತುವೆಂದು ಸಾಮಾನ್ಯವಾಗಿ ಯಾರೂ ಎಣಿಸುವುದಿಲ್ಲ. ಆದರೆ ಶಾಸನದ ಬಿರುದಾವಳಿ, ಕವಿಯ ಪ್ರಶಸ್ತಿ, ವಚನದ ಅಂಕಿತ, ಗ್ರಂಥದ ಮುಖಪುಟ, ವೈದ್ಯರ ನಾಮಫಲಕ, ಲಗ್ನಪತ್ರಿಕೆ ಇವೆಲ್ಲವೂ ಬರಹದ ಪ್ರಕಾರಗಳೇ ಆಗಿವೆ. ಇವುಗಳಲ್ಲಿ ಹೆಸರು ಯಾವ ರೀತಿಯಲ್ಲಿ ಬರುತ್ತದೆ, ಹೆಸರಿನ ಜೊತೆಗೆ ಏನನ್ನು ಬರೆಯಲಾಗುತ್ತದೆ, ಏನನ್ನು ಬಿಡಲಾಗುತ್ತದೆ ಎಂಬುದನ್ನು ನೋಡಿದರೆ ಆಯಾ ಕಾಲದ ಸಮಾಜ ಯಾವುದನ್ನು ಗೌರವವೆಂದು ಬಗೆದಿತ್ತು ಎಂಬುದು ತಿಳಿದುಬರುತ್ತದೆ.

ಹನ್ನೊಂದನೆಯ ಶತಮಾನದ ಕಾಶ್ಮೀರದ ಲಾಕ್ಷಣಿಕ ಕ್ಷೇಮೇಂದ್ರನು ಔಚಿತ್ಯವನ್ನೇ ಕಾವ್ಯದ ಜೀವಿತವೆಂದು ಸಾರಿದನು. ಅಲಂಕಾರವು ತನ್ನ ಸ್ಥಾನದಲ್ಲಿದ್ದಾಗ ಮಾತ್ರ ಅಲಂಕಾರ. ಸ್ಥಾನ ತಪ್ಪಿದರೆ ಅದು ನಗೆಪಾಟಲಿಗೆ ಕಾರಣ. ಈ ತತ್ತ್ವ ಕಾವ್ಯಕ್ಕೆ ಮಾತ್ರ ಸೀಮಿತವಾದುದಲ್ಲ. ವಿಶ್ವವಿದ್ಯಾನಿಲಯದ ಪದವಿಯೂ ಒಂದು ಅಲಂಕಾರವೇ ಆದುದರಿಂದ ಅದರ ಸ್ಥಾನ ಯಾವುದು, ಅಸ್ಥಾನ ಯಾವುದು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ದಾವಣಗೆರೆ ಮತ್ತು ಹರಿಹರ ಈ ವಿಚಾರಕ್ಕೆ ತಕ್ಕ ನೆಲೆಗಳು. ಒಂದು ವಿದ್ಯಾಸಂಸ್ಥೆಗಳ ಊರು. ಇನ್ನೊಂದು ಶಾಸನಗಳ ಊರು. ಇವೆರಡರ ನಡುವಣ ದಾರಿ ಹದಿನೈದು ಕಿಲೋಮೀಟರಿಗೆ ಹೆಚ್ಚಿಲ್ಲ.

2

ಹರಿಹರದ ಹರಿಹರೇಶ್ವರ ದೇವಾಲಯವನ್ನು 1223-24ರಲ್ಲಿ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವ. 1268ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕನಾದ ಸೋಮನು ಅದಕ್ಕೆ ಗೋಪುರವನ್ನು ಸೇರಿಸಿದನು. ಈ ಕ್ಷೇತ್ರದ ಶಾಸನಗಳನ್ನು ಓದಲು ತೊಡಗುವ ವಿದ್ಯಾರ್ಥಿಗೆ ಮೊದಲು ಎದುರಾಗುವುದು ಬಿರುದುಗಳ ಸಾಲು. ಹೊಯ್ಸಳ ಅರಸನ ಹೆಸರು ಬರುವ ಮೊದಲು ಮಹಾಮಂಡಲೇಶ್ವರ, ದ್ವಾರಾವತೀಪುರವರಾಧೀಶ್ವರ, ಯಾದವಕುಲಾಂಬರದ್ಯುಮಣಿ, ಮಲಪರೊಳ್ ಗಂಡ, ಶನಿವಾರಸಿದ್ಧಿ, ಗಿರಿದುರ್ಗಮಲ್ಲ ಎಂಬಂತಹ ವಿಶೇಷಣಗಳನ್ನು ದಾಟಿ ಹೋಗಬೇಕು. ಎಷ್ಟೋ ವಿದ್ಯಾರ್ಥಿಗಳು ಇದನ್ನು ಬರಿಯ ಆಡಂಬರವೆಂದು ಹಾರಿಸಿ ಮುಂದೆ ಹೋಗುವುದುಂಟು. ಇದು ಅವಸರದ ತೀರ್ಮಾನ.

ಬಿರುದು ಒಂದು ದಾಖಲೆಯೂ ಆಗಿತ್ತೆಂಬುದನ್ನು ಮರೆಯಬಾರದು. ಗಿರಿದುರ್ಗಮಲ್ಲನೆಂಬ ಬಿರುದನ್ನು ಇತಿಹಾಸಕಾರರು ವೀರಬಲ್ಲಾಳನ ಉಚ್ಚಂಗಿಯ ವಿಜಯದೊಡನೆ ಜೋಡಿಸುತ್ತಾರೆ. ಆ ದುರ್ಗ ದಾವಣಗೆರೆಯಿಂದ ದೂರದಲ್ಲಿಲ್ಲ. ಬಿರುದನ್ನು ಕೇಳಿದ ಅಂದಿನ ಜನ ಬೆಟ್ಟವನ್ನೂ ಬಲ್ಲವರಾಗಿದ್ದರು. ಅಂತೆಯೇ 'ಸಮಧಿಗತ ಪಂಚಮಹಾಶಬ್ದ' ಎಂಬ ವಿಶೇಷಣ ಸಾಮಂತನು ತಾನಾಗಿ ಹೇಳಿಕೊಳ್ಳುವ ಹೊಗಳಿಕೆಯಲ್ಲ. ಐದು ಬಗೆಯ ವಾದ್ಯಗಳ ಗೌರವ ಅವನಿಗೆ ಸಲ್ಲುತ್ತದೆಂಬ ಅಧಿಕಾರದ ಸೂಚನೆ. ಹೀಗೆ ಹಳೆಯ ಬಿರುದಿಗೆ ಮೂರು ಆಧಾರಗಳಿದ್ದವು: ಕೊಟ್ಟವರು ಯಾರೆಂಬುದು, ಯಾವ ಕಾರಣಕ್ಕೆಂಬುದು, ಅದನ್ನು ಕೇಳಿ ಅಳೆಯಬಲ್ಲ ಜನ ಇದ್ದರೆಂಬುದು.

ಕವಿಗಳ ವಿಷಯದಲ್ಲಿಯೂ ಇದೇ ಮಾತು. ರನ್ನನಿಗೆ ಕವಿಚಕ್ರವರ್ತಿಯೆಂಬ ಬಿರುದು ಚಾಲುಕ್ಯ ತೈಲಪನಿಂದ ಬಂದಿತು; ಜನ್ನನಿಗೆ ಅದೇ ಬಿರುದು ಹೊಯ್ಸಳ ವೀರಬಲ್ಲಾಳನಿಂದ ಬಂದಿತು. ರಾಘವಾಂಕನು ಕವಿಶರಭಭೇರುಂಡನೆನಿಸಿಕೊಂಡನು. ಇವರಲ್ಲಿ ರನ್ನನ ಉದಾಹರಣೆ ವಿಶೇಷವಾಗಿ ಗಮನಾರ್ಹ. ತಾನು ಬಳೆಗಾರರ ಮನೆತನದವನೆಂಬುದನ್ನು ಅವನು ಮುಚ್ಚಿಡಲಿಲ್ಲ. ಚಕ್ರವರ್ತಿಯ ಬಿರುದೂ ಬಳೆಯ ಮಲಾರವೂ ಅವನ ಆತ್ಮಕಥನದಲ್ಲಿ ಅಕ್ಕಪಕ್ಕದಲ್ಲಿಯೇ ಇವೆ. ಬಿರುದು ಹುಟ್ಟನ್ನು ಅಳಿಸುವ ಸಾಧನವಾಗದೆ, ಹುಟ್ಟಿನಿಂದ ಎಷ್ಟು ದೂರ ನಡೆದನೆಂಬುದರ ಅಳತೆಗೋಲಾಗಿ ಅಲ್ಲಿ ನಿಂತಿದೆ.

3

ಹನ್ನೆರಡನೆಯ ಶತಮಾನದ ಶರಣರ ಬರಹಕ್ಕೆ ಬಂದೊಡನೆ ಹೆಸರಿನ ವ್ಯಾಕರಣವೇ ಬದಲಾಗುತ್ತದೆ. ಅಲ್ಲಿ ಬಿರುದಿನ ಸ್ಥಾನವನ್ನು ಎರಡು ವಸ್ತುಗಳು ಆಕ್ರಮಿಸುತ್ತವೆ. ಒಂದು ಕಾಯಕ, ಮತ್ತೊಂದು ಅಂಕಿತ. ಜೇಡರ ದಾಸಿಮಯ್ಯ, ಮಡಿವಾಳ ಮಾಚಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ, ತುರುಗಾಹಿ ರಾಮಣ್ಣ, ಮೋಳಿಗೆ ಮಾರಯ್ಯ, ಆಯ್ದಕ್ಕಿ ಲಕ್ಕಮ್ಮ, ವೈದ್ಯ ಸಂಗಣ್ಣ ಎಂಬ ಹೆಸರುಗಳಲ್ಲಿ ಮೊದಲ ಪದ ಆ ವ್ಯಕ್ತಿ ಏನು ಗಳಿಸಿದನೆಂಬುದನ್ನು ಹೇಳುವುದಿಲ್ಲ. ಲೋಕಕ್ಕೆ ಏನು ಮಾಡಿಕೊಡುತ್ತಾನೆಂಬುದನ್ನು ಹೇಳುತ್ತದೆ. ವೈದ್ಯ ಸಂಗಣ್ಣನ ಹೆಸರು ಈ ಪ್ರಸಂಗದಲ್ಲಿ ಎರಡು ಬಾರಿ ಓದಬೇಕಾದುದು. ವೈದ್ಯವೃತ್ತಿ ಅಲ್ಲಿ ನೇಯ್ಗೆ, ಮಡಿ, ಹಗ್ಗ ಹೊಸೆಯುವಿಕೆ, ತುರುಗಾಯುವಿಕೆಗಳ ಸಾಲಿನಲ್ಲಿಯೇ ಒಂದು ಕಾಯಕವಾಗಿ ಕುಳಿತಿದೆ. ಮೇಲೂ ಇಲ್ಲ, ಕೆಳಗೂ ಇಲ್ಲ.

ಇನ್ನು ಅಂಕಿತ. ಕಲ್ಯಾಣದಲ್ಲಿ ಬಿಜ್ಜಳನ ಆಸ್ಥಾನದ ಹಿರಿಯ ಅಧಿಕಾರ ಬಸವಣ್ಣನವರ ಕೈಯಲ್ಲಿತ್ತು. ಆದರೆ ಅವರ ವಚನದ ಕೊನೆಯಲ್ಲಿ ನಿಲ್ಲುವುದು ಅಧಿಕಾರದ ಮುದ್ರೆಯಲ್ಲ, ಕೂಡಲಸಂಗಮದೇವನ ಹೆಸರು. ಅರಮನೆಯ ಮುದ್ರೆ ಅರಮನೆಯ ಕಾಗದಕ್ಕೆ ಸೇರಿದುದು. ಅನುಭಾವದ ಮಾತಿಗೆ ಅದು ಸಲ್ಲದು ಎಂಬ ವಿವೇಕ ಇಲ್ಲಿ ಮಾತಿಲ್ಲದೆಯೇ ವ್ಯಕ್ತವಾಗಿದೆ. ಇದಕ್ಕೆ ಅಪವಾದವೆಂಬಂತೆ ಕಾಣುವವನು ಅಂಬಿಗರ ಚೌಡಯ್ಯ. ಹರಿಹರವನ್ನು ದಾಟಿ ಉತ್ತರಕ್ಕೆ ಹರಿಯುವ ತುಂಗಭದ್ರೆಯ ದಡದ ಚೌಡದಾನಪುರದೊಡನೆ ಪರಂಪರೆ ಅವನನ್ನು ಕೂಡಿಸುತ್ತದೆ. ಅವನು ತನ್ನ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡನು. ಆದರೆ ಆ ಹೆಸರಿನೊಳಗೂ ಹುಟ್ಟು ಹಿಡಿಯುವ ಕಾಯಕವಿದೆ. ನದಿ ದಾಟಿಸುವವನೆಂಬ ಹೇಳಿಕೆಗಿಂತ ದೊಡ್ಡ ಯೋಗ್ಯತಾಪತ್ರ ನದಿಯ ದಡದಲ್ಲಿ ನಿಂತವನಿಗೆ ಬೇಕಾಗಿಯೂ ಇರಲಿಲ್ಲ.

ಶರಣಸಮೂಹ ಕೊಟ್ಟ ಗೌರವಗಳನ್ನು ನೋಡಿದರೂ ಒಂದು ಸಂಗತಿ ಎದ್ದು ಕಾಣುತ್ತದೆ. ಅಣ್ಣ, ಅಕ್ಕ, ಅಯ್ಯ, ಅವ್ವೆ ಎಂಬ ಬಂಧುವಾಚಕಗಳೇ ಅಲ್ಲಿ ಪರಮ ಗೌರವದ ಪದಗಳು. ಮಹಾದೇವಿಗೆ ಸಂದ 'ಅಕ್ಕ' ಎಂಬ ಎರಡಕ್ಷರವನ್ನು ಎಂಟು ಶತಮಾನಗಳ ತರುವಾಯವೂ ಯಾವ ವಿಶ್ವವಿದ್ಯಾನಿಲಯದ ಬಿರುದೂ ಮೀರಿಸಲಾರದು.

ಆದರೆ ಇಷ್ಟಕ್ಕೆ ನಿಲ್ಲುವುದು ವಿಮರ್ಶಕನಿಗೆ ತಕ್ಕುದಲ್ಲ. ಮಾದಾರ, ಡೋಹರ, ಮಡಿವಾಳ ಎಂಬ ವಿಶೇಷಣಗಳು ಶರಣರ ಕೂಟದಲ್ಲಿ ಅಭಿಮಾನದ ಪದಗಳಾಗಿದ್ದರೂ ಕಾಲಾಂತರದಲ್ಲಿ ಮತ್ತೆ ಜಾತಿಯ ಹಣೆಪಟ್ಟಿಗಳಾಗಿ ಗಟ್ಟಿಗೊಂಡವೆಂಬುದು ಚರಿತ್ರೆ. ಉನ್ನತ ಅಧಿಕಾರದಲ್ಲಿದ್ದವರ ಹೆಸರಿನಿಂದ ಅಧಿಕಾರ ಸುಲಭವಾಗಿ ಕಳಚಿಕೊಂಡಿತು. ದುಡಿಯುವವರ ಹೆಸರಿನಿಂದ ದುಡಿಮೆ ಕಳಚಿಕೊಳ್ಳಲಿಲ್ಲ. ಬಿರುದನ್ನು ಬಿಡುವ ವಿನಯ, ಬಿಡಲು ಬಿರುದಿರುವವನಿಗೆ ಮಾತ್ರ ಸಾಧ್ಯ. ಮುಂದೆ ಬರುವ ಚರ್ಚೆಗೆ ಈ ಸಂಗತಿ ಮುಖ್ಯವಾದುದು.

4

ಆಧುನಿಕ ಪದವಿಗಳು ಕನ್ನಡದ ಮುಖಪುಟಕ್ಕೆ ಬಂದುದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದೀಚೆಗೆ. ಬಿ.ಎ., ಎಂ.ಎ. ಎಂಬ ಅಕ್ಷರಗಳು ಅಂದು ವಿರಳವಾಗಿದ್ದವು. ಇಂಗ್ಲಿಷ್ ವಿದ್ಯೆಯನ್ನು ಪಡೆದವನು ಕನ್ನಡದ ಹಳೆಯ ಗ್ರಂಥವನ್ನು ಸಂಪಾದಿಸಿದಾಗ ಅವನ ಹೆಸರಿನ ಮುಂದಿನ 'ಎಂ.ಎ.' ಓದುಗನಿಗೆ ಎರಡು ಸಂಗತಿಗಳನ್ನು ತಿಳಿಸುತ್ತಿತ್ತು: ಈ ಕೆಲಸ ಹೊಸ ಶಾಸ್ತ್ರೀಯ ವಿಧಾನದಿಂದ ನಡೆದಿದೆ, ಹೊಸ ವಿದ್ಯೆ ಕಲಿತವನಿಗೂ ಕನ್ನಡ ಬೇಡವಾಗಿಲ್ಲ. 1907ರಲ್ಲಿ 'ಕರ್ಣಾಟಕ ಕವಿಚರಿತೆ'ಯ ಮೊದಲ ಸಂಪುಟವನ್ನು ಹೊರತಂದ ಆರ್. ನರಸಿಂಹಾಚಾರ್ಯರು ಎಂ.ಎ. ಪದವಿಯ ಜೊತೆಗೆ ಪ್ರಾಕ್ತನವಿಮರ್ಶವಿಚಕ್ಷಣರೆಂಬ ಬಿರುದನ್ನೂ ಹೊತ್ತಿದ್ದರು. ಹಳೆಯ ಸಂಪ್ರದಾಯದ ಬಿರುದೂ ಹೊಸ ಕಾಲದ ಪದವಿಯೂ ಒಬ್ಬರಲ್ಲಿಯೇ ಸೇರಿದ ಸಂಧಿಕಾಲವದು.

ಫ. ಗು. ಹಳಕಟ್ಟಿಯವರ ಉದಾಹರಣೆ ಇನ್ನೂ ಹೆಚ್ಚು ಬೋಧಪ್ರದ. ಅವರು ಕಾನೂನು ಪದವೀಧರರು, ವಿಜಾಪುರದಲ್ಲಿ ವಕೀಲರು, ಬ್ರಿಟಿಷ್ ಸರ್ಕಾರದಿಂದ ರಾವ್ ಬಹದ್ದೂರ್ ಬಿರುದನ್ನು ಪಡೆದವರು. 1923ರಲ್ಲಿ 'ವಚನಶಾಸ್ತ್ರಸಾರ'ವನ್ನೂ 1926ರಿಂದ 'ಶಿವಾನುಭವ' ಪತ್ರಿಕೆಯನ್ನೂ ಹೊರತಂದ ಆ ಮಹನೀಯರಿಗೆ ಸಂದ ಎಲ್ಲ ಬಿರುದುಗಳಲ್ಲಿ ಜನರ ನಾಲಗೆಯ ಮೇಲೆ ಉಳಿದುದು 'ವಚನಪಿತಾಮಹ' ಎಂಬುದೊಂದೇ. ಸರ್ಕಾರ ಕೊಟ್ಟ ಬಿರುದು ಸರ್ಕಾರದೊಡನೆ ಹೋಯಿತು; ಕೆಲಸ ಕೊಟ್ಟ ಬಿರುದು ಕೆಲಸದೊಡನೆ ಉಳಿಯಿತು. ಡಿ. ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ನನ್ನೂ ದಾಟದವರು. 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಿ.ಲಿಟ್. ಪದವಿಯನ್ನಿತ್ತಿತು. ಆದರೆ ಕನ್ನಡಿಗರಿಗೆ ಅವರು ಇಂದಿಗೂ ಡಿ.ವಿ.ಜಿ. ಎಂಬ ಮೂರಕ್ಷರವೇ. ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಕೆ. ವಿ. ಪುಟ್ಟಪ್ಪನವರು 'ಕುವೆಂಪು' ಎಂಬ ಕಾವ್ಯನಾಮದಲ್ಲಿಯೇ ಲೋಕಕ್ಕೆ ಪರಿಚಿತರು. ಕಾವ್ಯನಾಮದಲ್ಲಿ ವಚನಾಂಕಿತದ ಗುಣದ ಒಂದಂಶವಾದರೂ ಇದೆ: ಕಚೇರಿಯ ಹೆಸರನ್ನು ಕಚೇರಿಯಲ್ಲಿಯೇ ಬಿಟ್ಟುಬರುವ ಗುಣ.

ಬಿರುದು ಹೇಗೆ ಕರಗಿಹೋಗುತ್ತದೆಂಬುದಕ್ಕೆ ದಾವಣಗೆರೆಯಲ್ಲಿಯೇ ಸೊಗಸಾದ ನಿದರ್ಶನವಿದೆ. ಡಿ.ಆರ್.ಎಂ. ವಿಜ್ಞಾನ ಕಾಲೇಜಿನ ಹೆಸರಿನ ಮೊದಲ ಅಕ್ಷರ ಊರಿನದೂ ಅಲ್ಲ, ತಂದೆಯದೂ ಅಲ್ಲ. ದಾನಿ ರಾಜನಹಳ್ಳಿ ಮದ್ದೂರಾಯಪ್ಪನವರ 'ಧರ್ಮರತ್ನಾಕರ' ಎಂಬ ಬಿರುದಿನ ಅಕ್ಷರವದು. 1965ರಲ್ಲಿ ಸ್ಥಾಪಿತವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನ ಮೊದಲ 'ಜೆ' ಜಗದ್ಗುರುವೆಂಬ ಪದವನ್ನು ಹುದುಗಿಸಿಕೊಂಡಿದೆ. ಪ್ರತಿದಿನ ಆ ಬಾಗಿಲನ್ನು ಹಾಯುವ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಆ ಅಕ್ಷರವನ್ನು ಬಿಡಿಸಿ ಓದಬಲ್ಲರು? ಬಿರುದು ಅಕ್ಷರವಾಗಿ, ಅಕ್ಷರ ಸದ್ದಾಗಿ, ಸದ್ದು ಅಭ್ಯಾಸವಾಗಿ ಹೋಗಿದೆ. ಉಳಿದುದು ಕಾಲೇಜು, ಅಂದರೆ ಕೆಲಸ.

5

ಪದವಿ ವಿರಳವಾಗಿದ್ದ ಕಾಲದ ರೂಢಿಯನ್ನು ಪದವಿ ಹೇರಳವಾದ ಕಾಲಕ್ಕೆ ಹಾಗೆಯೇ ತಂದಾಗ ಔಚಿತ್ಯಭಂಗ ತಲೆದೋರುತ್ತದೆ. ದಾವಣಗೆರೆಯಲ್ಲಿ 1951ರಲ್ಲಿಯೇ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ ಹುಟ್ಟಿತು. ತೋಳಹುಣಸೆಯ ಸ್ನಾತಕೋತ್ತರ ಕೇಂದ್ರ 2009ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ಹತ್ತಿಗಿರಣಿಗಳ ಊರು ಪದವಿಗಳ ಊರಾಯಿತು. ಇದರ ಫಲವಾಗಿ ಇಲ್ಲಿಯ ಬೀದಿಗಳಲ್ಲಿ ಪದವಿಯ ಅಕ್ಷರಗಳು ಅಂಗಡಿಯ ಹೆಸರುಗಳಷ್ಟೇ ಸಾಮಾನ್ಯ. ಮನೆಯ ಗೇಟಿನ ಮೇಲೆ, ವಾಹನದ ಗಾಜಿನ ಮೇಲೆ, ಅಭಿನಂದನೆಯ ಫ್ಲೆಕ್ಸುಗಳ ಮೇಲೆ, ಲಗ್ನಪತ್ರಿಕೆಯಲ್ಲಿ ವಧೂವರರ ಹೆಸರಿನ ಮುಂದೆ, ಕೊನೆಗೆ ಶ್ರದ್ಧಾಂಜಲಿಯ ಚಿತ್ರದ ಕೆಳಗೂ ಅವು ಇರುತ್ತವೆ.

ಇವೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ವೈದ್ಯರ ಫಲಕವನ್ನು ಮೊದಲು ತೆಗೆದುಕೊಳ್ಳಬಹುದು. ಹರಿಹರದ ಕಡೆಯ ಹಳ್ಳಿಯಿಂದ ಜ್ವರದ ಮಗುವನ್ನು ಎತ್ತಿಕೊಂಡು ದಾವಣಗೆರೆಗೆ ಬರುವ ತಾಯಿಗೆ ಆ ಫಲಕವೇ ವೈದ್ಯರ ಮೊದಲ ಮಾತು. ಅವಳ ಮಟ್ಟಿಗೆ ಅದು ಆಡಂಬರವಲ್ಲ, ಭರವಸೆ. ಆದುದರಿಂದಲೇ ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿನಡತೆಯ ನಿಯಮಗಳು ಈ ವಿಷಯದಲ್ಲಿ ಸ್ಪಷ್ಟವಾಗಿವೆ. ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನು ಚಿಕಿತ್ಸಾಲಯದಲ್ಲಿಯೂ ಔಷಧದ ಚೀಟಿಯಲ್ಲಿಯೂ ಕಾಣಿಸಲೇಬೇಕು. ಮಾನ್ಯತೆ ಪಡೆದ ವೈದ್ಯಕೀಯ ಪದವಿಗಳನ್ನೂ ವೃತ್ತಿಜ್ಞಾನವನ್ನು ಸೂಚಿಸುವ ಗೌರವಗಳನ್ನೂ ಮಾತ್ರ ಹೆಸರಿಗೆ ಸೇರಿಸಬೇಕು. ಆ ಶಾಖೆಯ ವಿಶೇಷ ಅರ್ಹತೆ ಇಲ್ಲದೆ ತಜ್ಞರೆಂದು ಹೇಳಿಕೊಳ್ಳಬಾರದು. ಅಸಾಮಾನ್ಯ ಗಾತ್ರದ ಫಲಕವನ್ನು ಹಾಕಬಾರದು. ಔಷಧದ ಅಂಗಡಿಯ ಮೇಲೆ ತಮ್ಮ ಫಲಕವನ್ನು ತೂಗಿಸಬಾರದು. 2023ರ ಆಗಸ್ಟಿನಲ್ಲಿ ಹೊಸ ನಿಯಮಾವಳಿ ಹೊರಬಿದ್ದು ಅದೇ ತಿಂಗಳು ತಡೆಹಿಡಿಯಲ್ಪಟ್ಟುದರಿಂದ 2002ರ ನಿಯಮಗಳೇ ಮತ್ತೆ ಜಾರಿಗೆ ಬಂದವು. ಈ ನಿಯಮಗಳ ಅಂತರಂಗವನ್ನು ನೋಡಿದರೆ ಅಲ್ಲಿರುವುದು ಔಚಿತ್ಯವಿಚಾರವೇ. ರೋಗಿಗೆ ಬೇಕಾದುದನ್ನು ಹೇಳದಿರುವುದು ತಪ್ಪು; ರೋಗಿಗೆ ಬೇಡವಾದುದನ್ನು ಮೆರೆಸುವುದೂ ತಪ್ಪು.

ವಕೀಲರ ವಿಷಯದಲ್ಲಿ ನಿಯಮ ಇನ್ನೂ ಬಿಗಿ. ಭಾರತೀಯ ವಕೀಲರ ಪರಿಷತ್ತಿನ 36ನೆಯ ನಿಯಮದಂತೆ ವಕೀಲರ ಫಲಕ ಮಿತವಾದ ಗಾತ್ರದ್ದಾಗಿರಬೇಕು. ತಾನು ವಕೀಲರ ಸಂಘದ ಅಧ್ಯಕ್ಷನಾಗಿದ್ದೆನೆಂದಾಗಲಿ, ಹಿಂದೆ ನ್ಯಾಯಾಧೀಶನಾಗಿದ್ದೆನೆಂದಾಗಲಿ, ಇಂತಹ ಬಗೆಯ ವ್ಯಾಜ್ಯಗಳಲ್ಲಿ ಪರಿಣತನೆಂದಾಗಲಿ ಅದರಲ್ಲಿ ಬರೆಯುವಂತಿಲ್ಲ. ಹಿಂದಿನ ಅಧಿಕಾರದ ನೆರಳು ಇಂದಿನ ಕಕ್ಷಿಗಾರನ ಮೇಲೆ ಬೀಳಬಾರದೆಂಬುದು ಇದರ ಆಶಯವೆಂದು ತಿಳಿಯಬಹುದು.

ಸಂವಿಧಾನದ 18ನೆಯ ವಿಧಿ ರಾಜ್ಯವು ಬಿರುದುಗಳನ್ನು ಕೊಡುವುದನ್ನೇ ನಿಲ್ಲಿಸಿ, ಸೈನಿಕ ಮತ್ತು ಶೈಕ್ಷಣಿಕ ಗೌರವಗಳಿಗೆ ಮಾತ್ರ ವಿನಾಯಿತಿಯನ್ನಿತ್ತಿತು. 1995ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಭಾರತರತ್ನ, ಪದ್ಮ ಪ್ರಶಸ್ತಿಗಳು ಬಿರುದುಗಳಲ್ಲ, ಆದುದರಿಂದಲೇ ಅವನ್ನು ಹೆಸರಿನ ಹಿಂದಾಗಲಿ ಮುಂದಾಗಲಿ ಬಳಸಬಾರದು ಎಂದು ತೀರ್ಪಿತ್ತಿತು. ಎಲ್ಲ ಬಿರುದುಗಳೂ ಹೋದ ಮೇಲೆ ಪ್ರಜೆಗೆ ಉಳಿದ ಏಕಮಾತ್ರ ನ್ಯಾಯಸಮ್ಮತ ಬಿರುದು ವಿದ್ಯೆಯದು. 1956ರ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಕಾಯಿದೆ ಪದವಿ ಕೊಡುವ ಅಧಿಕಾರವನ್ನು ಶಾಸನಬದ್ಧ ವಿಶ್ವವಿದ್ಯಾನಿಲಯಗಳಿಗೂ ಅದಕ್ಕಾಗಿ ಅಧಿಕಾರ ಪಡೆದ ಸಂಸ್ಥೆಗಳಿಗೂ ಮಾತ್ರ ಮೀಸಲಿಟ್ಟಿರುವುದು ಈ ಕಾರಣದಿಂದಲೇ ಮುಖ್ಯವಾಗುತ್ತದೆ. ಹೆಸರು ಕೇಳದ ಸಂಸ್ಥೆಗಳು ಹಣ ಪಡೆದು ಹಂಚುವ 'ಡಾಕ್ಟರೇಟು'ಗಳನ್ನು ಸಮಾರಂಭದ ವೇದಿಕೆಯಲ್ಲಿ ಸ್ವೀಕರಿಸಿ, ಮರುದಿನದಿಂದಲೇ 'ಡಾ.' ಎಂದು ಬರೆದುಕೊಳ್ಳುವವರು ನಗೆಗೆ ಮಾತ್ರ ಗುರಿಯಾಗಿದ್ದರೆ ಚಿಂತೆಯಿರಲಿಲ್ಲ. ಐದಾರು ವರ್ಷ ಹಸ್ತಪ್ರತಿಗಳ ಧೂಳಿನಲ್ಲಿ ಕುಳಿತು ಪ್ರಬಂಧ ಬರೆದ ವಿದ್ಯಾರ್ಥಿಯ ಶ್ರಮಕ್ಕೂ ಅದೇ ಅಕ್ಷರ ಸಲ್ಲಬೇಕಾಗಿರುವುದರಿಂದ ಇದು ಅನ್ಯಾಯವೂ ಹೌದು. ನಿಜವಾದ ವಿಶ್ವವಿದ್ಯಾನಿಲಯ ಕೊಡುವ ಗೌರವ ಪದವಿಯಾದರೂ ಗೌರವವೆಂದೇ ಉಲ್ಲೇಖಗೊಳ್ಳುವುದು ಲೇಸು.

'ಡಾಕ್ಟರ್' ಎಂಬ ಪದದಲ್ಲಿಯೇ ಒಂದು ತೊಡಕಿದೆ. ಬೋಧಿಸು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿದ ಈ ಪದ ಮೂಲತಃ ಗುರುವಾಚಕ. ಕನ್ನಡದ ಬಳಕೆಯಲ್ಲಿ ಅದು ಹೆಚ್ಚಾಗಿ ವೈದ್ಯವಾಚಕವಾಗಿದೆ. ಇಂಗ್ಲೆಂಡಿನಲ್ಲಿ ಶಸ್ತ್ರವೈದ್ಯರು ತಮ್ಮ ಹಳೆಯ ಸಂಪ್ರದಾಯದಂತೆ 'ಡಾಕ್ಟರ್' ಎನಿಸಿಕೊಳ್ಳದೆ 'ಮಿಸ್ಟರ್' ಎನಿಸಿಕೊಳ್ಳುವುದನ್ನೇ ಹೆಮ್ಮೆಯೆಂದು ಬಗೆಯುತ್ತಾರೆ. ಜರ್ಮನಿಯಲ್ಲಿ ಗಳಿಸದ ಪದವಿಯನ್ನು ಬಳಸುವುದು ದಂಡನೀಯ ಅಪರಾಧ. ಸಾಹಿತ್ಯದ ಡಾಕ್ಟರೇಟು ಪಡೆದವರು ಕಾಲೇಜಿನಲ್ಲಿ, ಗ್ರಂಥದಲ್ಲಿ, ವಿದ್ವತ್ಸಭೆಯಲ್ಲಿ ಅದನ್ನು ಬಳಸುವುದು ಸಹಜ. ಕಾಯಿಲೆಯವರು ನೆರೆದ ಊರಜಾತ್ರೆಯಲ್ಲಿ ಬಳಸಿದರೆ ಎರಡೂ ಕಡೆಯವರಿಗೆ ಪೇಚು.

6

ಇಷ್ಟರಿಂದ ಪದವಿಯನ್ನು ಮುಚ್ಚಿಡುವುದೇ ಶ್ರೇಷ್ಠವೆಂಬ ತೀರ್ಮಾನಕ್ಕೆ ಬಂದರೆ ಅದು ಅರ್ಧಸತ್ಯ. ಡಾ. ಭೀಮರಾವ್ ಅಂಬೇಡ್ಕರರ ಹೆಸರಿನ ಮುಂದೆ ಎಂ.ಎ., ಪಿಎಚ್.ಡಿ., ಡಿ.ಎಸ್ಸಿ., ಬ್ಯಾರಿಸ್ಟರ್ ಎಂಬ ಅಕ್ಷರಗಳನ್ನು ಅವರ ಅನುಯಾಯಿಗಳು ಇಂದಿಗೂ ಒಂದನ್ನೂ ಬಿಡದೆ ಬರೆಯುತ್ತಾರೆ. ಕೊಲಂಬಿಯ ಮತ್ತು ಲಂಡನ್ ವಿಶ್ವವಿದ್ಯಾನಿಲಯಗಳ ಆ ಪದವಿಗಳು ಒಬ್ಬ ವ್ಯಕ್ತಿಯ ಅಲಂಕಾರವಾಗಿ ಮಾತ್ರ ಅಲ್ಲಿ ನಿಂತಿಲ್ಲ. ಶಾಲೆಯಲ್ಲಿ ನೀರಿನ ಮಡಕೆಯನ್ನು ಮುಟ್ಟಗೊಡದ ಸಮಾಜಕ್ಕೆ ಕೊಟ್ಟ ಉತ್ತರವಾಗಿ ಅವು ನಿಂತಿವೆ. ಮನೆತನದ ಹೆಸರೇ ಗೌರವವನ್ನು ತಂದುಕೊಡುವವನಿಗೆ ಪದವಿಯನ್ನು ಮರೆಮಾಡುವ ವಿನಯ ಸುಲಭ. ಹೆಸರು ಕೇಳಿದೊಡನೆ ಜಾತಿಯನ್ನು ಅಳೆಯುವ ಊರಿನಲ್ಲಿ ಮೊದಲ ತಲೆಮಾರಿನ ಪದವೀಧರನು ತನ್ನ ಗುಡಿಸಲಿನ ಬಾಗಿಲಿಗೆ 'ಬಿ.ಎ.' ಎಂಬ ಎರಡಕ್ಷರವನ್ನು ಬರೆಸಿದರೆ, ಅದನ್ನು ಡಂಭವೆಂದು ಕರೆಯುವವರು ಮೊದಲು ತಮ್ಮ ಹೆಸರಿನ ಹಿಂದಿರುವ ಕಾಣದ ಬಿರುದುಗಳನ್ನು ಎಣಿಸಿಕೊಳ್ಳಬೇಕು.

ಸ್ತ್ರೀಯರ ವಿಷಯವೂ ಇದಕ್ಕೆ ಹೊರತಲ್ಲ. ಲಗ್ನಪತ್ರಿಕೆಯಲ್ಲಿ ವಧುವಿನ ಹೆಸರಿನ ಮುಂದೆ 'ಎಂ.ಎಸ್ಸಿ.' ಎಂದು ಅಚ್ಚಾದುದನ್ನು ಕಂಡು ಮದುವೆಯ ಮಾರುಕಟ್ಟೆಯೆಂದು ಹಳಿಯುವುದು ಸುಲಭ; ಆ ಆಕ್ಷೇಪಣೆಯಲ್ಲಿ ಹುರುಳೂ ಇದೆ. ಆದರೆ ಇಂಥವರ ಮೊಮ್ಮಗಳು, ಇಂಥವರ ಮಗಳು ಎಂದು ಮಾತ್ರ ಪರಿಚಯಗೊಳ್ಳುತ್ತಿದ್ದ ಪತ್ರಿಕೆಯಲ್ಲಿ ಅವಳೇ ದುಡಿದು ಗಳಿಸಿದ ಒಂದು ವಸ್ತು ಅಚ್ಚಾಗಿರುವುದು ಅದೇ ಮೊದಲು ಎಂಬುದೂ ಅಷ್ಟೇ ನಿಜ. ಆಸ್ಪತ್ರೆಯಲ್ಲಿ ಹಿರಿಯ ವೈದ್ಯೆಯನ್ನು 'ಸಿಸ್ಟರ್' ಎಂದು ಕೂಗಿ, ಅವಳ ಕೈಕೆಳಗಿನ ಯುವಕನನ್ನು 'ಡಾಕ್ಟ್ರೇ' ಎಂದು ಕರೆಯುವ ಜನರಿರುವ ತನಕ ಅವಳ ಕೊರಳಿನ ಗುರುತುಚೀಟಿಯಲ್ಲಿರುವ ಪದವಿ ಅಲಂಕಾರವಲ್ಲ, ಅವಶ್ಯಕತೆ.

ಇದಕ್ಕೆ ಪ್ರತಿಯಾಗಿ ಯೋಗ್ಯತೆಯೆಲ್ಲ ಅಕ್ಷರದಲ್ಲಿಯೇ ಇರುವುದಿಲ್ಲವೆಂಬುದನ್ನು ಹರಿಹರ ನೆನಪಿಸುತ್ತದೆ. 1941ರಲ್ಲಿ ಅಲ್ಲಿ ಆರಂಭವಾಗಿ ದಶಕಗಳ ಕಾಲ ಲೇತ್ ಯಂತ್ರಗಳನ್ನು ನಿರ್ಮಿಸಿದ, ಈಗ ಇಲ್ಲವಾಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಂತಹ ಕಡೆಗಳಲ್ಲಿ ಕೂದಲೆಳೆಯಷ್ಟು ಅಂತರವನ್ನು ಕೈಯಿಂದಲೇ ತಿಳಿಯಬಲ್ಲ ಕುಶಲಿಗಳ ವಿದ್ಯೆಗೆ ಹೆಸರಿನ ಮುಂದೆ ಬರೆದುಕೊಳ್ಳಲು ಅಕ್ಷರಗಳಿರುವುದಿಲ್ಲ. ಅವರ ಯೋಗ್ಯತಾಪತ್ರ ಯಂತ್ರವೇ.

7

ಹಾಗಾದರೆ ಔಚಿತ್ಯದ ಒರೆಗಲ್ಲು ಯಾವುದು? ಹರಿಹರದ ಶಾಸನ, ಶರಣರ ಹೆಸರು, ಇಂದಿನ ವೃತ್ತಿನಿಯಮ ಈ ಮೂರನ್ನೂ ಎದುರಿಗಿಟ್ಟುಕೊಂಡರೆ ಮೂರು ಪ್ರಶ್ನೆಗಳು ದೊರೆಯುತ್ತವೆ. ಈ ಪದವಿಯನ್ನು ಕೊಟ್ಟವರಾರು? ಇದನ್ನು ಓದುವವನಿಗೆ ಇದರಿಂದ ಆಗುವ ಉಪಕಾರವೇನು? ಇದು ಸಲ್ಲುವ ಸ್ಥಳ ಇದೇ ಆಗಿದೆಯೆ? ಮೊದಲ ಪ್ರಶ್ನೆಗೆ ಉತ್ತರವಿಲ್ಲದ ಪದವಿ ಸುಳ್ಳು. ಎರಡನೆಯದಕ್ಕೆ ಉತ್ತರವಿಲ್ಲದ ಪದವಿ ಹೊರೆ. ಮೂರನೆಯದಕ್ಕೆ ಉತ್ತರವಿಲ್ಲದ ಪದವಿ ಅಸ್ಥಾನದ ಆಭರಣ. ಮೂರಕ್ಕೂ ಉತ್ತರವಿರುವಲ್ಲಿ ಪದವಿಯನ್ನು ಬರೆಯಲು ಸಂಕೋಚ ಪಡಬೇಕಾದ ಕಾರಣವಿಲ್ಲ.

ಕನ್ನಡದ ಆಡುಮಾತು ಈ ವಿವೇಕವನ್ನು ಎಂದೋ ಕಂಡುಕೊಂಡಿದೆ. ಜನ ಕರೆಯುವುದು 'ಡಾಕ್ಟ್ರೇ', 'ಮೇಷ್ಟ್ರೇ', 'ವಕೀಲ್ರೇ' ಎಂದು. ಇವು ಪದವಿಯ ಹೆಸರುಗಳಲ್ಲ, ಕಾಯಕದ ಹೆಸರುಗಳು. ಬಹುವಚನದ ಗೌರವ ಅದರಲ್ಲಿಯೇ ಸೇರಿದೆ. ದಾವಣಗೆರೆಯ ಚಿಕಿತ್ಸಾಲಯದ ಫಲಕದಲ್ಲಿ ಇಂಗ್ಲಿಷಿನ ಏಳೆಂಟು ಅಕ್ಷರಗಳ ಜೊತೆಗೆ, ಅಷ್ಟೇ ದಪ್ಪನಾಗಿ, 'ಮಕ್ಕಳ ವೈದ್ಯರು' ಎಂದೋ 'ಕಣ್ಣಿನ ವೈದ್ಯರು' ಎಂದೋ ಕನ್ನಡದಲ್ಲಿ ಬರೆದಿದ್ದರೆ ನಿಯಮಕ್ಕೂ ಭಂಗವಿಲ್ಲ, ಹಳ್ಳಿಯಿಂದ ಬಂದ ತಾಯಿಗೂ ಬಾಗಿಲು ತಪ್ಪುವುದಿಲ್ಲ. ವೈದ್ಯ ಸಂಗಣ್ಣನ ಹೆಸರಿನಲ್ಲಿ ಇದ್ದುದೂ ಇಷ್ಟೇ: ಯಾರ ಬಳಿಗೆ ಏತಕ್ಕಾಗಿ ಬರಬೇಕೆಂಬ ತಿಳಿವಳಿಕೆ.